ಬೀಗರ ಊಟದ ಮೊದಲ ತುತ್ತು

1954ರ ಮೇ 13, ಗುರುವಾರ, ಬೆಳಿಗ್ಗೆ ಐದೂಮುಕ್ಕಾಲು. ಕೊಡ್ಲಿ, ಮಾವನವರ ಮನೆಯ ಕಟ್ಟೆ.

ಮನೆಯವರೆಲ್ಲ ಇನ್ನೂ ಮಲಗಿದ್ದಾರೆ. ಅಂಗಳದಲ್ಲಿ ನಿನ್ನೆ ಹೂಡಿದ ಒಲೆಯ ಕಲ್ಲುಗಳು ಹಾಗೇ ಇವೆ, ಬೂದಿಯ ಬಿಸಿಗೆ ಒಂದು ನಾಯಿ ಮುದುಡಿಕೊಂಡಿದೆ. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಮದುವೆಯಾಗಿ ಇಂದಿಗೆ ನಾಲ್ಕನೆಯ ದಿನ. ನಿನ್ನೆ ಮಧ್ಯಾಹ್ನ ಬೀಗರ ಊಟದಲ್ಲಿ ನಡೆದದ್ದನ್ನು ಬರೆದಿಡದೆ ಹೋದರೆ ನನ್ನ ಹೊಟ್ಟೆ ಒಡೆದೇ ಹೋದೀತು! ಹೆಬ್ಬೆರಳು ಇನ್ನೂ ನೋಯುತ್ತಿದೆ. ಅಕ್ಷರ ಸೊಟ್ಟಗಾದರೆ ಆಗಲಿ.

ನಾನು ವಾಡಿ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಲೆಕ್ಕ ಬರೆಯುವವನು. ಶಹಾಬಾದಿನಿಂದ ಬಂದ ಫರಸಿ ಕಲ್ಲು ಎಷ್ಟು, ಸೇಡಂ ಕಡೆಯ ತೊಗರಿ ಚೀಲ ಎಷ್ಟು, ಯಾವ ವ್ಯಾಗನ್ನು ಎಷ್ಟು ಹೊತ್ತಿಗೆ ಹೊರಟಿತು ಎಂದು ದಿನವಿಡೀ ಬರೆದು, ಕೋಣೆಗೆ ಬಂದ ಮೇಲೂ ಬರೆಯುವ ಚಟ ಬಿಡುವುದಿಲ್ಲ. ಹದಿನಾರನೆಯ ವಯಸ್ಸಿನಿಂದ ದಿನಚರಿ ಇಟ್ಟಿದ್ದೇನೆ. ಮೊದಮೊದಲಿನದು ಉರ್ದುವಿನಲ್ಲಿದೆ, ಶಾಲೆಯಲ್ಲಿ ಕಲಿಸಿದ್ದು ಅದನ್ನೇ. ಆಮೇಲಿನದೆಲ್ಲ ಕನ್ನಡ. ಈಗ ನನಗೆ ಇಪ್ಪತ್ಮೂರು.

ನಮ್ಮೂರು ಚಿತ್ತಾಪುರದ ಹತ್ತಿರ. ಅಪ್ಪ ಕುರಿ ಸಾಕುವವರು. ಅವರ ಅಪ್ಪನೂ ಅದೇ, ಅವರ ಮುತ್ಯಾ, ಅಂದರೆ ಅಜ್ಜನೂ ಅದೇ. ನಮ್ಮ ಮಂದಿಯಲ್ಲಿ ಹಬ್ಬವೆಂದರೆ ಖಂಡದ, ಅಂದರೆ ಮಾಂಸದ ಊಟ, ಖಂಡದ ಊಟವೆಂದರೆ ಹಬ್ಬ. ಇಂಥ ಮನೆಯಲ್ಲಿ ಹುಟ್ಟಿದ ನಾನು ಎರಡು ವರ್ಷದ ಹಿಂದೆ ಖಂಡ ಬಿಟ್ಟೆ. ಅಷ್ಟಕ್ಕೇ ನನ್ನ ಮದುವೆ ಮುರಿದು ಬೀಳುವುದರಲ್ಲಿತ್ತು.

ಬಿಟ್ಟದ್ದು 1952ರ ಜೂನ್ 15, ಭಾನುವಾರ, ಮಧ್ಯಾಹ್ನ ಒಂದು ಗಂಟೆಗೆ. ರಜೆಗೆ ಊರಿಗೆ ಹೋಗಿದ್ದೆ. ಮಗ ಬಂದನೆಂದು ಅಪ್ಪ ಕುರಿ ಕಡಿಸಿದ್ದರು. ಅವ್ವ ಬಡಿಸಲು ಬಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದೆ.

"ಬ್ಯಾಡವ್ವ."

ಅವ್ವ ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಬಂದಾವೇನು?"

"ಇಲ್ಲ."

"ಹರಕಿ ಹೊತ್ತಿಯೇನು?"

"ಇಲ್ಲವ್ವ. ಸುಮ್ನ. ಬ್ಯಾಡನಸ್ತದ."

ಅಪ್ಪ ಅಗಿಯುವುದನ್ನು ನಿಲ್ಲಿಸಿದರು. "ಸುಮ್ನ ಅಂದ್ರೇನು? ಕುರಿ ಕಾಯೋನ ಮಗ ಕುರಿ ತಿನ್ನಲ್ಲ ಅಂದ್ರ, ಅಕ್ಕಸಾಲಿಗನ ಮಗ ಬಂಗಾರ ಮುಟ್ಟಲ್ಲ ಅಂದಂಗಾಯ್ತು."

ನಿಜ ಹೇಳಬೇಕೆಂದರೆ 'ಸುಮ್ನ' ಎನ್ನುವುದೇ ನಿಜ. ವಾಡಿಯಲ್ಲಿ ಒಂದು ವರ್ಷ ಖಾನಾವಳಿಯ ಊಟ ಉಂಡಿದ್ದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಮೇಲೆ ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು. ಒಂದು ದಿನ ಕೈ ತೊಳೆಯುತ್ತಿದ್ದಾಗ, ನನಗೆ ಇಷ್ಟು ಸಾಕು, ಬೇರೆ ಬೇಡ ಎಂದು ಅನಿಸಿತು. ಕನಸು ಬೀಳಲಿಲ್ಲ, ಯಾವ ಗುರುವೂ ಸಿಗಲಿಲ್ಲ. ಕುರಿಯ ಕಣ್ಣು ನೋಡಿ ಮನಸ್ಸು ಕರಗಿತು ಎಂದು ಹೇಳಿದರೆ ಕೇಳುವವರಿಗೆ ಖುಷಿಯಾಗುತ್ತದೆ, ಆದರೆ ಅದೂ ಇಲ್ಲ. ಚಿಕ್ಕಂದಿನಿಂದ ಕುರಿ ಹಿಡಿದುಕೊಟ್ಟವನು ನಾನು. ಬಾಯಿಗೆ ಬೇಡವೆನಿಸಿತು, ಬಿಟ್ಟೆ. ಇಷ್ಟೇ. ಈ 'ಇಷ್ಟೇ'ಯನ್ನು ಮಾತ್ರ ಯಾರೂ ನಂಬಲೊಲ್ಲರು!

ಮುತ್ಯಾ ತೀರಿದಂದಿನಿಂದ ನಮ್ಮ ಅಜ್ಜಿ ಖಂಡ ಮುಟ್ಟಿರಲಿಲ್ಲ. ಅತ್ತೆಯೊಬ್ಬಳು ಹುಟ್ಟಾ ತಿಂದವಳಲ್ಲ. ಅವ್ವ ಸೋಮವಾರ ತಿನ್ನುವುದಿಲ್ಲ, ಶ್ರಾವಣ ಪೂರ್ತಿ ತಿನ್ನುವುದಿಲ್ಲ. ಅವರನ್ನು ಯಾರೂ ಯಾಕೆಂದು ಕೇಳಿದ್ದನ್ನು ನಾನು ಕಂಡಿಲ್ಲ. ಹೆಂಗಸು ಬಿಟ್ಟರೆ ಒಂದು ತುಣುಕು ಉಳಿಯಿತು ಅನ್ನುತ್ತಾರೆ. ಗಂಡಸು ಬಿಟ್ಟರೆ ಊರೆಲ್ಲ ಕಾರಣ ಹುಡುಕುತ್ತದೆ. ಜನ ತಾವಾಗಿಯೇ ನನಗೆ ಹಚ್ಚಿದ ಕಾರಣಗಳಿಗೆ ಒಂದೊಂದು ಗೆರೆ ಎಳೆದು ಲೆಕ್ಕ ಇಟ್ಟಿದ್ದೆ. ಆ ವರ್ಷದ ದೀಪಾವಳಿಯ ಹೊತ್ತಿಗೆ ಹೊಟ್ಟೆಬೇನೆ ಹದಿನಾಲ್ಕು, ಹರಕೆ ಒಂಬತ್ತು, ಮಾಟ ಮೂರು, ಯಾವುದೋ ಹುಡುಗಿಯ ಸಲುವಾಗಿ ಎಂದವರು ಏಳು. ರುಚಿಗಾಗಿ ಎಂದವರು ಒಬ್ಬರೂ ಇಲ್ಲ.

ಗೂಡ್ಸ್ ಶೆಡ್ಡಿನ ಹಮಾಲರಿಗೆ ಒಬ್ಬ ಜಮಾದಾರರಿದ್ದಾರೆ, ವಯಸ್ಸಾದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತೇವೆ. ಸುದ್ದಿ ಕೇಳಿದ ದಿನ ಅವರು ನನ್ನ ಮೇಜಿನ ಮುಂದೆ ಬಂದು ನಿಂತು ಕಾಲಿನಿಂದ ತಲೆಯವರೆಗೆ ನೋಡಿದರು.

"ಅರೇ ಬೇಟಾ, ಗೋಶ್ತ್ ಬಿಟ್ಟಿಯಂತ? ಶಾದಿನೇ ಆಗಿಲ್ಲ, ಇಷ್ಟರಾಗೇ ಫಕೀರ ಆದಿ?"

ಹಿಂದಿನಿಂದ ಒಬ್ಬ ಹಮಾಲ ಕೂಗಿದ. "ಚಾಚಾ, ಅವರ ಕೈಯಾಗ ಪೆನ್ನು ಕೊಡಬ್ಯಾಡ್ರಿ, ಭಾರ ಆಗ್ತದ. ಸೀಸಕಡ್ಡಿ ಕೊಡ್ರಿ!"

ಒಂದು ತಿಂಗಳು ಇದೇ ನಡೆಯಿತು. ನಾನು ಚೀಟಿ ಕೊಡಲು ಹೋದರೆ ಇಬ್ಬರು ಓಡಿಬಂದು ಎರಡೂ ತುದಿ ಹಿಡಿದು, "ಹುಷಾರ್ರಿ ಸಾಹೇಬ್ರ, ಸೊಂಟ ಹಿಡದೀತು" ಎನ್ನುವರು. ಆದರೆ ಮುಂದಿನ ಈದ್‌ಗೆ ಚಾಚಾ ತಮ್ಮ ಮನೆಯಿಂದ ನನಗೆಂದೇ ಬಗಾರಾ ಅನ್ನ, ಬದನೆಕಾಯಿ ಸಾಲನ ಮಾಡಿಸಿ ತಂದರು. "ಚಮಚಾನೂ ಬ್ಯಾರೆ ಹಾಕೀನಿ. ತಿನ್ನು. ತಿಂದು ಹೇಳು, ಯಾ ಹುಡುಗಿ ಅದು?"

ಈ ಕಡೆ ಇದು. ಆ ಕಡೆ ಖಾನಾವಳಿಯವರು. ಅವರು ಲಿಂಗ ಕಟ್ಟಿದ ಮನೆತನದವರು, ಅಲ್ಲಿ ಉಣ್ಣುವವರಲ್ಲೂ ಹೆಚ್ಚಿನವರು ಅವರೇ. ನಾನು ಹೇಳಿದ್ದನ್ನು ಕೇಳಿ ಮಾಲೀಕರಿಗೆ ಸಂತೋಷವಾಯಿತು. ಮರುಕ್ಷಣವೇ, "ಬಿಟ್ಟೆ ಅಂದ್ರ ಯಾವ ಮಠದಾಗ ಬಿಟ್ರಿ?" ಎಂದು ಕೇಳಿದರು. ಯಾವ ಮಠದಲ್ಲೂ ಅಲ್ಲ ಎಂದಾಗ ಅವರ ಮುಖ ಸಣ್ಣದಾಯಿತು. ನನ್ನ ಜಾಗ ಬಾಗಿಲ ಪಕ್ಕದ ಒಂಟಿ ಮಣೆ. ಖಂಡ ಬಿಟ್ಟ ಮೇಲೂ ಅದು ಬದಲಾಗಲಿಲ್ಲ. "ನೀವು ಅಲ್ಲೇ ಕುಂದ್ರಿ, ಗಾಳಿ ಛಲೋ ಬರ್ತದ" ಎಂದು ಬಹಳ ಮರ್ಯಾದೆಯಿಂದಲೇ ಹೇಳುವರು. ಗಾಳಿ ನಿಜಕ್ಕೂ ಚೆನ್ನಾಗಿಯೇ ಬರುತ್ತದೆ. ಕೈ ತೊಳೆಯುವಲ್ಲಿ ವಿಭೂತಿಯ ತಟ್ಟೆ ಇಟ್ಟಿರುತ್ತಾರೆ. ಎಲ್ಲರೂ ಹಚ್ಚಿಕೊಂಡು ಕೂರುವಾಗ ನಾನೂ ಮೂರು ಬೆರಳು ಎಳೆದುಕೊಳ್ಳುತ್ತಿದ್ದೆ. ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಈ ವರ್ಷ ಜನವರಿಯಲ್ಲಿ ಹೆಣ್ಣು ನೋಡಲು ಕೊಡ್ಲಿಗೆ ಬಂದೆವು. ಇವರದು ಒಕ್ಕಲುತನ, ಜೊತೆಗೆ ನಮ್ಮಂತೆ ಒಂದಿಷ್ಟು ಕುರಿ. ಮನೆಯ ಹಿರಿಯಳು ಹುಡುಗಿಯ ಆಯಿ, ಅಂದರೆ ತಂದೆಯ ತಾಯಿ. ಅವಳ ಮಾತೇ ಮಾತು. ಸುಸಲಾ, ಚಹಾ ಬಂದವು. ನಮ್ಮ ಕಡೆಯ ಒಬ್ಬರು ಹುಡುಗಿಗೆ, "ಹಾಡು ಬರ್ತದೇನವ್ವ?" ಎಂದು ಕೇಳಿದರು.

"ಬರ್ತದ್ರಿ. ಬೀಸಾಗ ಹಾಡ್ತೀನಿ. ಜ್ವಾಳ ತಂದೀರೇನು?"

ಕೇಳಿದವರು ಚಹಾ ನೆತ್ತಿಗೆ ಹತ್ತಿ ಕೆಮ್ಮಿದರು. ನಾನು ಅಲ್ಲಿಯೇ ತೀರ್ಮಾನ ಮಾಡಿದೆ: ಮದುವೆಯಾದರೆ ಇವಳನ್ನೇ. ಅವಳೂ ಒಪ್ಪಿದಳೆಂದು ಸಂಜೆಗೆ ಸುದ್ದಿ ಬಂತು. ಆ ರಾತ್ರಿಯ ದಿನಚರಿಯಲ್ಲಿ ಒಂದೇ ಸಾಲು ಇದೆ, ಅದನ್ನು ಇಲ್ಲಿ ಬರೆಯಲು ನಾಚಿಕೆ.

ಹೆಣ್ಣಿನವರು ನನ್ನ ಬಗ್ಗೆ ಎಲ್ಲ ವಿಚಾರಿಸಿದ್ದರು. ಕುಡಿಯುತ್ತಾನೇನು ಎಂದು ಕೇಳಿದರು, ಬೀಡಿ ಸೇದುತ್ತಾನೇನು ಎಂದು ಕೇಳಿದರು. ಖಂಡ ತಿನ್ನುತ್ತಾನೇನು ಎಂದು ಯಾರೂ ಕೇಳಲಿಲ್ಲ. ಕುರಿಯವರ ಮಗನನ್ನು ಹಾಗೆ ಕೇಳುವುದು ಮೀನಿಗೆ ಈಜು ಬರುತ್ತದೇನು ಎಂದಂತೆ. ನಿಶ್ಚಯದ ಊಟವೂ ಹೋಳಿಗೆಯದು. ಹೀಗಾಗಿ ಮಾತು ಬರಲೇ ಇಲ್ಲ.

ಫೆಬ್ರವರಿ ಕೊನೆಗೆ ಹುಡುಗಿಯ ಸೋದರಮಾವ ಐನಾಪುರದಿಂದ ಹೊರಟರು. ತಮ್ಮ ಮನೆಯ ಪಡಸಾಲೆಗೆ ಫರಸಿ ಹಾಸಬೇಕೆಂದು ಶಹಾಬಾದಿಗೆ ಹೋಗುವುದಿತ್ತು. ಸೇಡಂನಲ್ಲಿ ರೈಲು ಹತ್ತಿದರೆ ವಾಡಿಯಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ನಡುವೆ ಸಮಯವಿತ್ತು, ಅಳಿಯನಾಗುವವನನ್ನು ನೋಡೋಣವೆಂದು ಬಜಾರಿಗೆ ಬಂದರು. ಸರಿಯಾಗಿ ಆ ಹೊತ್ತಿಗೆ ನಾನು ಖಾನಾವಳಿಯ ಬಾಗಿಲಿನಿಂದ ಹೊರಬಂದೆ, ಹಣೆಯ ತುಂಬ ವಿಭೂತಿ!

ಅವರು ನನ್ನನ್ನು ಕರೆಯಲಿಲ್ಲ. ಪಾನ್ ಅಂಗಡಿಯವನನ್ನು ಕೇಳಿದರು, "ಇಲ್ಲಿ ಯಾರ್ ಉಣ್ತಾರೋ?"

"ಲಿಂಗ ಕಟ್ಟಿದವರು ಉಣ್ತಾರ್ರಿ."

"ಈಗ ಹೋದ್ನಲ್ಲ, ಅವ?"

"ಅವರು ದಿನಾ ಬರ್ತಾರ್ರಿ."

ಅಷ್ಟು ಸಾಕಾಯಿತು. ಶಹಾಬಾದಿಗೆ ಹೋಗದೆ, ಫರಸಿ ಕೊಳ್ಳದೆ, ಬಂದ ದಾರಿಯಲ್ಲೇ ತಿರುಗಿ ಹೋದರು.

ಆಮೇಲಿನದು ನನಗೆ ತಿಳಿದದ್ದು ಅಪ್ಪ ವಾಡಿಗೆ ಬಂದಾಗ. ಗೂಡ್ಸ್ ಶೆಡ್ಡಿಗೆ ನೇರ ನುಗ್ಗಿದವರೇ, ಹಮಾಲರೆಲ್ಲ ನೋಡುತ್ತಿರುವಂತೆ, ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದು ಒಳಗೆ ಇಣುಕಿದರು.

"ಎಲ್ಲದ?"

"ಏನಪ್ಪ?"

"ಲಿಂಗ! ಲಿಂಗ ಕಟ್ಟಿಸ್ಕೊಂಡಿಯಂತ! ಸೇಡಂ ಸಂತ್ಯಾಗ ಬೀಗರ ಕಡೆಯವರು ನನ್ನ ಮಾರಿ ಮ್ಯಾಲ ಅಂದ್ರು. 'ನಿಮ್ಮ ಹುಡುಗ ನಾಳೆ ನಮ್ಮ ಮನ್ಯಾಗ ನೀರು ಕುಡಿತಾನೇನು?' ಅಂತ ಕೇಳಿದ್ರು."

ಕೊರಳಲ್ಲಿ ಅವ್ವ ಕಟ್ಟಿದ ತಾಯತ ಬಿಟ್ಟರೆ ಬೇರೇನೂ ಇರಲಿಲ್ಲ. ಚಾಚಾ ಅಪ್ಪನನ್ನು ಕೂರಿಸಿ ನೀರು ಕೊಟ್ಟರು. ಹಮಾಲರು ಕೆಲಸ ಬಿಟ್ಟು ನಕ್ಕರು. ಆದರೆ ನನಗೆ ನಗು ಬರಲಿಲ್ಲ, ಹುಡುಗಿಯ ಕಡೆಯವರ ಮೇಲೆ ಸಿಟ್ಟೂ ಬರಲಿಲ್ಲ. ನಮ್ಮ ಸೀಮೆಯವರು ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ಲಿಂಗ ಕಟ್ಟಿಸಿಕೊಂಡವನು ಖಂಡ ಬೇಯುವ ಮನೆಯಲ್ಲಿ ಉಣ್ಣುವುದಿಲ್ಲ, ನೀರೂ ಮುಟ್ಟುವುದಿಲ್ಲ, ಅದು ತನ್ನ ತಾಯಿಯ ಮನೆಯಾದರೂ ಸರಿ. ಹೆಂಡತಿಯೂ ಹಾಗೆಯೇ ನಡೆಯಬೇಕು. ಅಂದರೆ ಇವರ ಮಗಳು ನಾಗರ ಪಂಚಮಿಗೆ ತವರಿಗೆ ಬಂದರೂ ತವರಿನ ಅನ್ನ ಉಣ್ಣುವಂತಿಲ್ಲ. ಹುಡುಗ ಖಂಡ ತಿನ್ನುವುದಿಲ್ಲ ಎಂಬ ಚಿಂತೆ ಅವರಿಗೆ ಇರಲಿಲ್ಲ, ಮಗಳು ಕೈ ಬಿಟ್ಟು ಹೋಗುತ್ತಾಳೆ ಎಂಬ ಅಂಜಿಕೆ ಇತ್ತು.

ರಜೆ ಬರೆದುಕೊಟ್ಟು ಮಾರ್ಚ್ 7ರ ಭಾನುವಾರ ನಾನೊಬ್ಬನೇ ಹೊರಟೆ. ಸೇಡಂವರೆಗೆ ರೈಲು, ಅಲ್ಲಿಂದ ಚಿಂಚೋಳಿ ಕಡೆಯ ಬಸ್ಸು, ನಡುವೆ ಇಳಿದು ಕೊಡ್ಲಿಗೆ ನಡಿಗೆ. ಮನೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಮದುವೆಗೆ ಮುಂಚೆ ಹೀಗೆ ಗಂಡು ಒಬ್ಬನೇ ಬರುವ ಪದ್ಧತಿಯಿಲ್ಲ. ಮಾವನವರು ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತರು. ಐನಾಪುರದ ಸೋದರಮಾವ ಗೋಡೆಗೆ ಒರಗಿ ಕೂತಿದ್ದವರು ಕೂತೇ ಇದ್ದರು. ಆಯಿ ಮಾತ್ರ ಏನೂ ಆಗಿಲ್ಲವೆಂಬಂತೆ, "ಬಾರಪ್ಪ, ಕುಂದ್ರು. ಬಿಸಲಾಗ ಬಂದಿ, ನೀರು ಕುಡಿ" ಎಂದಳು.

ತಂಬಿಗೆ ಬಂತು. ದನ ಕಟ್ಟಿದ ಕಡೆಯಿಂದ ಗಂಟೆಯ ಸದ್ದು ಕೇಳಿತು. ನಾನು ತಂಬಿಗೆ ಎತ್ತಿ ಗಟಗಟನೆ ಪೂರ್ತಿ ಕುಡಿದು, "ಇನ್ನೊಂದು ತಂಬಿಗಿ ಕೊಡ್ರಿ" ಎಂದೆ.

"ಬಾವಿ ನೀರು ಅದು. ಬಾವಿ ನೀರು ಎಲ್ಲಾರೂ ಕುಡಿತಾರ" ಎಂದರು ಸೋದರಮಾವ.

"ಹಂಗಾದ್ರ ಉಣ್ಣಲಿ" ಎಂದಳು ಆಯಿ.

ರೊಟ್ಟಿ ಬಂತು, ಪುಂಡಿಪಲ್ಯ ಬಂತು. ನಾನು ಮುರಿದು ಬಾಯಿಗಿಡುವಷ್ಟರಲ್ಲಿ ಸೋದರಮಾವ ಮುಂದೆ ಬಾಗಿ ಹೇಳಿದರು. "ಪಲ್ಯ ಮಾಡಿದ ಗಡಿಗಿ ಅದ ಅಲ್ಲ, ಮಂಗಳವಾರ ಅದರಾಗೇ ಖಂಡ ಕುದ್ದಾದ."

"ಮಂಗಳವಾರದ್ದು ಮಂಗಳವಾರಕ್ಕ ಮುಗೀತಲ್ರಿ ಮಾವ. ಇವತ್ತ ಪುಂಡಿಪಲ್ಯ ಭಾಳ ಛಲೋ ಆಗ್ಯಾದ. ಇನ್ನೊಂದು ರೊಟ್ಟಿ ಹಾಕ್ರಿ."

ಒಳಗಿನ ಬಾಗಿಲ ಹಿಂದೆ ಯಾರೋ ಸೆರಗಿನಲ್ಲಿ ನಗು ತಡೆದುಕೊಂಡ ಸದ್ದಾಯಿತು. ಯಾರೆಂದು ನನಗೆ ಗೊತ್ತಾಯಿತು. ಆ ಉತ್ಸಾಹದಲ್ಲಿ ನಾಲ್ಕು ರೊಟ್ಟಿ ತಿಂದೆ!

ಕೈ ತೊಳೆದ ಮೇಲೆ ಆಯಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಲಿಂಗಿಲ್ಲ, ಹರಕಿಲ್ಲ, ಜಡ್ಡಿಲ್ಲ. ಮತ್ತ್ಯಾಕ ತಿನ್ನಲ್ಲ?"

"ಸುಮ್ನ ಆಯಿ. ಬ್ಯಾಡನಸ್ತದ."

ಆಯಿ ಮಗನ ಕಡೆ ತಿರುಗಿದಳು. "ಹುಚ್ಚ ಅದಾನ. ಇರಲಿ ಬಿಡು, ಕುಡುಕ ಅಲ್ಲಲ್ಲ."

ಮದುವೆ ಉಳಿಯಿತು! ಎದ್ದು ಕುಣಿಯಬೇಕೆನಿಸಿತು. ಅಷ್ಟರಲ್ಲಿ ಸೋದರಮಾವ ಗೋಡೆ ಬಿಟ್ಟು ನೆಟ್ಟಗೆ ಕೂತರು.

"ನೀರು ಕುಡದ, ಖರೆ. ರೊಟ್ಟಿ ತಿಂದ, ಖರೆ. ಬೀಗರ ಊಟದ ದಿನ ಮೊದಲ ತುತ್ತು ಯಾರು ಮುರಿತಾರ?"

ನಮ್ಮಲ್ಲಿ ಮದುವೆಯಾದ ಮೂರನೆಯ ದಿನ ಹೆಣ್ಣಿನ ಮನೆಯಲ್ಲಿ ಎರಡೂ ಕಡೆಯವರಿಗೆ ಖಂಡದ ಊಟ. ಮೊದಲು ಹೊಸ ಅಳಿಯನ ಎಲೆಗೆ ಬಡಿಸುತ್ತಾರೆ. ಅವನು ರೊಟ್ಟಿ ಮುರಿದು ಸಾರಿನಲ್ಲಿ ಅದ್ದುವವರೆಗೆ ಪಂಕ್ತಿಯಲ್ಲಿ ಯಾರೂ ಎಲೆ ಮುಟ್ಟುವುದಿಲ್ಲ, ಎಂಬತ್ತು ವರ್ಷದ ಮುದುಕರೂ ಕಾಯುತ್ತಾರೆ. ಅವನು ಮುರಿದರೆ ಎರಡು ಮನೆ ಒಂದಾದಂತೆ. ಮುರಿಯದಿದ್ದರೆ ಎಲೆ ಮಡಚಿ ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದ ಮೇಲೆ ಅಣ್ಣತಮ್ಮಂದಿರು ಹುಡುಗಿಯನ್ನು ಪಂಚಮಿಗೆ ಕರೆಯಲು ಹೋಗುವುದಿಲ್ಲ.

"ಅವತ್ತಿಂದು ಅವತ್ತ ನೋಡಮು" ಎಂದು ಆಯಿ ಎದ್ದುಬಿಟ್ಟಳು.

ಅಂದಿನಿಂದ ಮದುವೆಯವರೆಗೆ ಎರಡು ತಿಂಗಳು. ಸಲಹೆ ಕೊಡದವರೇ ಇಲ್ಲ. ಅಪ್ಪನದು ಸರಳ. "ಒಂದು ತುಣುಕು ಬಾಯಾಗ ಹಾಕ್ಕೊ, ಹಿತ್ತಲಿಗಿ ಹೋಗಿ ಉಗುಳು. ಅದಕ್ಕೇನು ದಂಡ ಬೀಳ್ತದೇನು?" ಒಬ್ಬ ಹಮಾಲ, ಸಾರಿನಲ್ಲಿ ಅದ್ದಿದ ರೊಟ್ಟಿ ಖಂಡವಲ್ಲ ಎಂದು ವಾದಿಸಿದ. ಚಾಚಾ ತಲೆ ಅಲ್ಲಾಡಿಸಿದರು. "ಝೂಟ್ ತುತ್ತು ನುಂಗಬ್ಯಾಡ ಬೇಟಾ, ಹಜಮ್ ಆಗಲ್ಲ."

ಒಂದು ತುತ್ತಿಗೆ ನಾನೇನೂ ಸಾಯುತ್ತಿರಲಿಲ್ಲ. ಆದರೆ ಅಂದು ತಿಂದರೆ ಮುಂದಿನ ಹಬ್ಬಕ್ಕೆ, 'ಅವತ್ತ ತಿಂದಿ, ಇವತ್ತ್ಯಾಕ ಬ್ಯಾಡ' ಎನ್ನುತ್ತಾರೆ. ಉಗುಳಿದ್ದನ್ನು ಯಾರಾದರೂ ಕಂಡರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ತಿನ್ನದಿದ್ದರೆ ಅವಳ ತವರು ಮುಚ್ಚುತ್ತದೆ. ಏನು ಮಾಡಬೇಕೆಂದು ತೋಚದೆಯೇ ಮೇ 10ರ ಸೋಮವಾರ ತಾಳಿ ಕಟ್ಟಿದೆ.

ನಿನ್ನೆ ಬುಧವಾರ. ಅಂಗಳದ ತುಂಬ ಹಂದರ, ಹಂದರದ ತುಂಬ ಜನ. ಮೊದಲ ಪಂಕ್ತಿಗೆ ನಲವತ್ತೆರಡು ಮುತ್ತಲ ಎಲೆ. ನನಗೆ ನಡುವೆ ಕರಿ ಕಂಬಳಿ ಹಾಸಿ ಕೂರಿಸಿದರು. ಎಡಕ್ಕೆ ಅಪ್ಪ, ಬಲಕ್ಕೆ ಹಿರಿಯ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಎದುರು ಸಾಲಿನಲ್ಲಿ, ಸರಿಯಾಗಿ ನನ್ನ ಮುಂದೆ, ಸೋದರಮಾವ. ರೊಟ್ಟಿ ಬಂತು. ಹೆಂಡತಿಯ ತಮ್ಮ ಬಕೀಟು ಹಿಡಿದು ಬಂದು ನನ್ನ ಎಲೆಗೆ ಆರಿಸಿದ ತುಣುಕುಗಳನ್ನು ಬಡಿಸಿದ. ಆಮೇಲೆ ಎಲ್ಲರಿಗೂ ಒಂದೊಂದು ಸೌಟು ಹಾಕಿ ಬಂದ. ವಾಸನೆ ಚೆನ್ನಾಗಿತ್ತು, ಇಲ್ಲವೆನ್ನಲಾರೆ.

ಎಲ್ಲರ ಕೈ ಎಲೆಯ ಅಂಚಿನಲ್ಲಿ ನಿಂತವು. ಒಂದು ಮಗು ರೊಟ್ಟಿಗೆ ಕೈ ಹಾಕಿತು, ಅದರಜ್ಜ ಕೈ ಹಿಡಿದು ಹಿಂದೆಳೆದ.

"ಲಗೂ ಮುರಿಯೋ ತಮ್ಮಾ" ಎಂದರು ಷಡ್ಡಕ. "ನಾ ನಿನ್ನ ಜಾಗಾದಾಗ ಕುಂತಾಗ ಎಲಿ ಸುದ್ದಾ ನೆಕ್ಕಿದ್ದೆ."

ಪಂಕ್ತಿಯ ತುದಿಯಿಂದ ಒಂದು ಧ್ವನಿ. "ಖಂಡಕ್ಕ ಮಂತ್ರ ಹಾಕ್ಲಿಕತ್ತಾನೇನ್ರಿ ಮದುಮಗ?"

ನಗು ಎದ್ದು ಅಲ್ಲೇ ಅಡಗಿತು. ಅಪ್ಪ ತಲೆ ತಗ್ಗಿಸಿ ತಮ್ಮ ಎಲೆಯನ್ನೇ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು.

"ಅಳಿಯಪ್ಪ, ಮಂದಿ ಹಸದಾರ" ಎಂದರು ಸೋದರಮಾವ.

"ನಾ ತಿನ್ನಾಂಗಿಲ್ರಿ ಮಾವ. ಮೊದಲೇ ಹೇಳೀನಿ."

"ನೀ ತಿನ್ನಲ್ಲ ಅಂದ್ರ ನಾವು ಎಲಿ ಎತ್ತಮೇನು?"

ಅವರು ತಮ್ಮ ಎಲೆಯ ಮೇಲಂಚಿಗೆ ಕೈ ಹಾಕಿ ಮಡಚತೊಡಗಿದರು. ನಾನು ಬಾಗಿಲ ಕಡೆ ನೋಡಿದೆ. ಅರಿಶಿಣದ ಸೀರೆಯಲ್ಲಿ ಅವಳು ನಿಂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ. ಎಲೆ ಮಡಚುವ ಆ ಕೈಯನ್ನೇ ನೋಡುತ್ತಿದ್ದಳು.

ಯೋಚಿಸಿ ಎದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಎದ್ದಿದ್ದೆ, ಅಷ್ಟೇ. "ಎಲಿ ಬಿಟ್ಟು ಎದ್ದ! ಎದ್ದ ನೋಡ್ರಿ!" ಎಂದು ನಾಲ್ಕಾರು ಬಾಯಿ ಒಮ್ಮೆಗೇ ಕೂಗಿದವು. ಅಪ್ಪ ನನ್ನ ಧೋತರದ ಚುಂಗು ಹಿಡಿದು, "ಕುಂದ್ರೋ!" ಎಂದರು. ಬಿಡಿಸಿಕೊಂಡೆ. ಎದುರು ಸಾಲಿಗೆ ದಾಟಿ ಸೋದರಮಾವನವರ ಮುಂದೆ ಮೊಣಕಾಲೂರಿ ಕೂತೆ. ಮಡಚಿದ ಎಲೆಯನ್ನು ಬಿಡಿಸಿ ಸರಿಮಾಡಿದೆ. ಅಲ್ಲೇ ನಿಂತಿದ್ದ ಹೆಂಡತಿಯ ತಮ್ಮನ ಬಕೀಟಿನಿಂದ ನನ್ನ ಕೈಯಾರೆ ಸೌಟು ತುಂಬಿ ಅವರ ಎಲೆಗೆ ಇನ್ನೊಂದಿಷ್ಟು ಹಾಕಿದೆ. ರೊಟ್ಟಿ ಮುರಿದೆ, ಸಾರಿನಲ್ಲಿ ಅದ್ದಿದೆ, ಒಳ್ಳೆಯದೊಂದು ತುಣುಕನ್ನು ರೊಟ್ಟಿಯಲ್ಲಿ ಸುತ್ತಿ ಅವರ ಬಾಯಿಯ ಹತ್ತಿರ ಹಿಡಿದೆ.

"ಬಾಯಿ ತಗೀರಿ ಮಾವ."

ಸಾರು ಬೆರಳಿನಿಂದ ಮುಂಗೈಗೆ, ಮುಂಗೈಯಿಂದ ಮದುವೆಯ ಹೊಸ ಅಂಗಿಯ ತೋಳಿಗೆ ಇಳಿಯಿತು. ಸೋದರಮಾವ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಮುಟ್ಟಿದಿ" ಎಂದರು.

"ಮುಟ್ಟೀನ್ರಿ. ಹುಟ್ಟಿದಾಗಿಂದ ಮುಟ್ಟೀನಿ. ಸುಲಿಲಿಕ್ಕೂ ಬರ್ತದ, ಕೊಚ್ಚಲಿಕ್ಕೂ ಬರ್ತದ. ಇದು ನನ್ನ ಬಾಯಿಗಷ್ಟೇ ಬ್ಯಾಡ, ನಿಮ್ಮ ಮನಿ ಬ್ಯಾಡಂತಲ್ಲ. ಮೊದಲ ತುತ್ತು ನಾನೇ ಮುರದೀನಿ. ನೀವು ಉಣ್ರಿ."

ಅವರು ಬಾಯಿ ತೆರೆಯಲಿಲ್ಲ. ನಾನು ಕೈ ಇಳಿಸಲಿಲ್ಲ. ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ, ಅದೊಂದರ ಲೆಕ್ಕ ನನ್ನಲ್ಲಿಲ್ಲ.

ಒಳಗಿನಿಂದ ಆಯಿಯ ಧ್ವನಿ ಬಂತು. "ಬಾಯಿ ತಗಿಯಪ್ಪಾ! ಹಸದು ಕುಂತಾರ ಮಂದಿ, ಸಾರು ಆರಿ ಹೋಗ್ಲಿಕತ್ತದ!"

ಅವರು ಬಾಯಿ ತೆರೆದರು. ತುತ್ತು ಒಳಗೆ ಹೋಯಿತು, ಅದರ ಜೊತೆ ನನ್ನ ಹೆಬ್ಬೆರಳೂ! ಬೇಕೆಂದೇ ಕಚ್ಚಿ ಹಿಡಿದರು. "ಅಯ್ಯಯ್ಯೋ ಬಿಡ್ರಿ ಮಾವ, ಅದು ಕುರಿದಲ್ಲ!" ಎಂದು ನಾನು ಕೂಗಿದ್ದಕ್ಕೆ ಇಡೀ ಹಂದರವೇ ನಕ್ಕಿತು. ಅವರು ಮಾತ್ರ ನಗಲಿಲ್ಲ. ನಿಧಾನವಾಗಿ ಅಗಿದರು, ನುಂಗಿದರು. ಎಲ್ಲರೂ ಅವರ ಗಂಟಲನ್ನೇ ನೋಡುತ್ತಿದ್ದರು.

"ಉಪ್ಪು ಕಡಿಮಿ ಅದ" ಎಂದರು.

ಅಷ್ಟೇ! ಎಲ್ಲ ಕೈಗಳೂ ಎಲೆಗೆ ಬಿದ್ದವು. ಷಡ್ಡಕ ನನ್ನ ಎಲೆಯನ್ನೇ ತಮ್ಮ ಕಡೆ ಎಳೆದುಕೊಂಡು, "ದೇವರು ದೊಡ್ಡವ" ಎಂದು ಎರಡೂ ಊಟ ಸುರುಮಾಡಿದರು. ನನ್ನ ಕೈಯಲ್ಲಿ ಸೌಟು ಇತ್ತು. ಸೌಟು ಹಿಡಿದವನು ಪಂಕ್ತಿ ಮುಗಿಯುವವರೆಗೆ ಕೂರುವಂತಿಲ್ಲ. ಹೊಸ ಅಳಿಯ ತನ್ನ ಬೀಗರ ಊಟದಲ್ಲಿ ತಾನೇ ಬಡಿಸುವುದನ್ನು ಯಾರೂ ಕಂಡಿರಲಿಲ್ಲ. "ರೈಲ್ವೆ ಸಾಹೇಬ, ತೂಕಾ ಮಾಡಿ ಹಾಕಬ್ಯಾಡ, ಕೈ ಬಿಟ್ಟು ಹಾಕು!" ಎನ್ನುವವರು, "ಇಲ್ಲೊಂದು ಎಲುಬು ಬಾಕಿ ಉಳದಾದ" ಎನ್ನುವವರು. ಮೂರು ಪಂಕ್ತಿ ಬಡಿಸಿದೆ.

ನಾನು ಉಂಡದ್ದು ಮೂರೂವರೆಗೆ, ಅಡುಗೆಮನೆಯಲ್ಲಿ, ಬಡಿಸಿದ ಹೆಂಗಸರ ಜೊತೆ. ಗಂಡಸು ಅಲ್ಲಿ ಕೂತದ್ದಕ್ಕೆ ಅವರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಹೆಂಡತಿ ರೊಟ್ಟಿ ಹಾಕುತ್ತಾ ಮೆಲ್ಲಗೆ ಕೇಳಿದಳು. "ಪಂಚಮಿಗಿ ನಾ ಇಲ್ಲಿಗಿ ಬರ್ತೀನಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹೊರಗಿನಿಂದ ಸೋದರಮಾವನವರ ಧ್ವನಿ. "ನಾನೇ ಗಾಡಿ ಕಟ್ಕೊಂಡು ಬರ್ತೀನಿ, ತಯಾರಾಗಿರು."

ಅವಳ ಕೈಯಲ್ಲಿದ್ದ ರೊಟ್ಟಿ ನನ್ನ ತಾಟಿನ ಬದಲು ನೆಲಕ್ಕೆ ಬಿತ್ತು.

ಇಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಸಂಜೆ ಕಟ್ಟೆಯ ಮೇಲೆ ಹಿರಿಯರ ಪಂಚಾಯಿತಿ ಕೂತಿತು. ಮೊದಲ ತುತ್ತು ಅಳಿಯ ಮುರಿದರೆ ಸಾಕೋ, ತಿನ್ನಲೂ ಬೇಕೋ? ಚಂದಾಪುರದ ಒಬ್ಬರು, ತಿನ್ನದಿದ್ದರೆ ಬೀಗರ ಊಟ ಇನ್ನೂ ಆಗಿಯೇ ಇಲ್ಲ, ಮತ್ತೊಮ್ಮೆ ಹಾಕಬೇಕು ಎಂದರು. ಮಾವನವರ ಮುಖ ಇಳಿದುಹೋಯಿತು. ಷಡ್ಡಕರ ದೂರು ಬೇರೆ. "ಇವ ಬಡಿಸಿ ಪದ್ಧತಿ ಹಚ್ಚಿದ. ಮುಂದಿನ ಅಳಿಯಂದ್ರು ಏನು ಪಾಪ ಮಾಡ್ಯಾರ?" ಚಿಂಚೋಳಿಯ ಒಬ್ಬ ಮುದುಕರು ಮಾತ್ರ, ಹಿಂದೆ ಎಲ್ಲೋ ಒಬ್ಬ ಅಳಿಯ ಹೀಗೆಯೇ ತಿನ್ನಿಸಿದ್ದನೆಂದು ತಾವು ಚಿಕ್ಕಂದಿನಲ್ಲಿ ಕೇಳಿದ್ದುಂಟು, ಊರು ನೆನಪಿಲ್ಲ ಎಂದರು. ಸೋದರಮಾವ ಅದನ್ನು ಹಿಡಿದರು. "ಹಿಂದಿಂದು ಒಂದು ತೋರಿಸು ಅಳಿಯಪ್ಪ, ಈ ಮಂದಿ ಬಾಯಿ ನಾ ಮುಚ್ಚಸ್ತೀನಿ. ಇಲ್ಲಂದ್ರ ಪಂಚಮಿತನಕ ಇವರು ಬಿಡಾಂಗಿಲ್ಲ." ಅವಳನ್ನು ಕರೆಯಲು ಬರುತ್ತೇನೆಂದ ಮಾತು ಅವರು ಹಿಂದೆಗೆದುಕೊಳ್ಳಲಿಕ್ಕಿಲ್ಲ. ಆದರೆ ಬೇರೆ ಹಿರಿಯರು ಒಪ್ಪದೆ ಗಾಡಿ ಹೂಡುವುದು ಅವರಿಗೂ ಕಷ್ಟ.

ಪಂಚಮಿಗೆ ಇನ್ನು ಮೂರು ತಿಂಗಳೂ ಇಲ್ಲ. ಆದ್ದರಿಂದ ಬರೆದದ್ದನ್ನು ಹೀಗೆಯೇ ಪತ್ರಿಕೆಗೆ ಕಳಿಸಿ, ಇದನ್ನು ಓದುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯವರಲ್ಲಿ ಕೇಳಿಕೊಳ್ಳುತ್ತೇನೆ. ಖಂಡದ ಊಟದ ಮನೆಗಳಲ್ಲಿ ಹುಟ್ಟಿ, ಮಠವಿಲ್ಲದೆ, ಹರಕೆಯಿಲ್ಲದೆ, ಸುಮ್ಮನೆ ಬಿಟ್ಟ ಗಂಡಸರು ನಿಮ್ಮಲ್ಲಿ ಇದ್ದರೋ? ಅವರ ಬೀಗರ ಊಟದಲ್ಲಿ ಮೊದಲ ತುತ್ತು ಏನಾಯಿತು? ಮುರಿದು ಇನ್ನೊಬ್ಬರಿಗೆ ತಿನ್ನಿಸಿದ್ದನ್ನು ಹಿರಿಯರು ಒಪ್ಪಿದ್ದುಂಟೋ? ಬಲ್ಲವರು ಈ ಪತ್ರಿಕೆಗೆ ಬರೆಯಿರಿ, ನನಗೆ ತಲುಪುತ್ತದೆ. ಹೆಸರು ಬೇಡ. ಊರು ಯಾವುದು, ಸುಮಾರು ಯಾವ ವರ್ಷ, ಕಣ್ಣಾರೆ ಕಂಡದ್ದೋ ಕೇಳಿದ್ದೋ, ಇಷ್ಟು ಇದ್ದರೆ ಸಾಕು.